ಸಂಕೋಚದ ಹುಣ್ಣು

ಈ ಸಂಚಿಕೆಗೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಮೇಲೆ ಒಂದು ಲೇಖನವನ್ನು ಕಳಿಸಿಕೊಡುವೆನೆಂದು ನಾನು ಸಂಪಾದಕರಿಗೆ ಮಾತು ಕೊಟ್ಟಿದ್ದೆನು. ಟಿಪ್ಪಣಿಗಳನ್ನು ಮಾಡಿಕೊಂಡಿದ್ದೆನು, ತ್ರಿಪದಿಯ ಲಕ್ಷಣವನ್ನು ಕುರಿತು ನಾಲ್ಕು ಪುಟಗಳನ್ನು ಬರೆದೂ ಇದ್ದೆನು. ಅದನ್ನು ಬದಿಗಿರಿಸಿ ಈಗ ಬರೆಯಲು ಕುಳಿತಿರುವ ವಿಷಯವು ವಿದ್ವತ್ತಿಗೆ ಸೇರಿದ್ದಲ್ಲ, ನನ್ನ ಸ್ವಂತ ಸೊಂಟದ ಕೆಳಗಿನ ತೊಗಲಿಗೆ ಸೇರಿದ್ದು. ಇಂಥ ವಿಷಯವನ್ನು ಈ ಪುಟಗಳಲ್ಲಿ ಓದಿದ ನೆನಪು ನನಗಿಲ್ಲ. ಓದಿದರೆ ಮುಖವನ್ನು ಕಿವಿಚುವ ವಾಚಕರೂ ಇರಬಹುದು. ನಾಲ್ಕು ವರ್ಷಗಳ ಹಿಂದೆ ನಾನೂ ಅಂಥವರಲ್ಲಿ ಒಬ್ಬನಾಗಿದ್ದೆನು.

ಕಾರಣವನ್ನು ಮೊದಲೇ ಹೇಳುವದು ಒಳ್ಳೆಯದು. ನಮ್ಮ ಸಂಘದ ಮಾಸಿಕ ಕೂಟಕ್ಕೆ ಹುನಗುಂದದಿಂದ ಬಾಗಲಕೋಟೆಗೆ ತಪ್ಪದೆ ಬರುತ್ತಿದ್ದ ಹಿರಿಯ ಮಿತ್ರರೊಬ್ಬರು ಕಳೆದ ದಸರೆಯ ತರುವಾಯ ಬರುವದನ್ನು ಬಿಟ್ಟುಬಿಟ್ಟರು. ಲಕ್ವಾ ಹೊಡೆದು ಎಡಗೈ ಎಡಗಾಲು ಸೋತಿದ್ದವೆಂಬದು ನಿಜ. ಆದರೆ ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡಿದ್ದರೆಂದೂ ಕೇಳಿದ್ದೆವು. ಕರೆ ಮಾಡಿದಾಗಲೆಲ್ಲ ಒಂದೊಂದು ನೆವ ಹೇಳುತ್ತಿದ್ದರು. ಆ ನೆವಗಳ ಧಾಟಿಯು ನನಗೆ ಪರಿಚಿತವಾಗಿತ್ತು, ಯಾಕಂದರೆ ಅವನ್ನೆಲ್ಲ ನಾನೂ ಒಂದು ಕಾಲಕ್ಕೆ ಹೇಳಿದವನೇ. ಆದ್ದರಿಂದ ಒಂದು ಮುಂಜಾನೆ ಇಳಕಲ್ಲಿನ ಬಸ್ಸು ಹತ್ತಿ ಹುನಗುಂದದಲ್ಲಿ ಇಳಿದು ಅವರ ಮನೆಗೆ ಹೋದೆನು. ಅಲ್ಲಿ ಕಂಡದ್ದನ್ನು ಕೊನೆಗೆ ಹೇಳುತ್ತೇನೆ. ಅದಕ್ಕಿಂತ ಮೊದಲು ನನ್ನ ಕಥೆಯಾಗಬೇಕು.

ನಾನು 2019ರಲ್ಲಿ ಶಾಲೆಯಿಂದ ನಿವೃತ್ತನಾದೆನು. 2021ರಲ್ಲಿ ಪ್ರೊಸ್ಟೇಟ್ ಗ್ರಂಥಿಯಲ್ಲಿ ಅರ್ಬುದವಿದೆಯೆಂದು ತಿಳಿದು ಶಸ್ತ್ರಚಿಕಿತ್ಸೆಯಾಯಿತು. ಪ್ರಾಣವುಳಿಯಿತು. ಆದರೆ ಮೂತ್ರವನ್ನು ತಡೆದು ಹಿಡಿಯುವ ಶಕ್ತಿಯು ಗ್ರಂಥಿಯೊಂದಿಗೇ ಹೋಯಿತು. ಕೆಮ್ಮಿದರೆ, ಸೀನಿದರೆ, ಕುಳಿತಲ್ಲಿಂದ ಎದ್ದರೆ, ಕೊನೆಕೊನೆಗೆ ಏನೂ ಮಾಡದಿದ್ದರೂ ಸೋರಹತ್ತಿತು. ಈ ಚಿಕಿತ್ಸೆಯಾದವರಲ್ಲಿ ಬಹುಜನರಿಗೆ ಒಂದು ವರ್ಷದೊಳಗೆ ಹಿಡಿತ ಮರಳಿ ಬರುವದೆಂದು ಡಾಕ್ಟರರು ಧೈರ್ಯ ಹೇಳಿ, ಕಟಿಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಕಲಿಸಿದರು. ಪಾಠಶಾಲೆಯಲ್ಲಿ ಶಬ್ದರೂಪಾವಲಿಯನ್ನು ಉರು ಹಚ್ಚಿದ ನಿಷ್ಠೆಯಿಂದಲೇ ಅದನ್ನು ಮಾಡಿದೆನು. ಅಲ್ಪಸ್ವಲ್ಪ ಗುಣ ಕಂಡಿತು. ವರ್ಷ ಕಳೆಯಿತು, ಎರಡಾಯಿತು. ಬಹುಜನರ ಸಾಲಿನಲ್ಲಿ ನನ್ನ ಹೆಸರು ಇರಲಿಲ್ಲ. ಮತ್ತೊಂದು ಶಸ್ತ್ರಚಿಕಿತ್ಸೆಯ ಉಪಾಯವಿದೆ. ಅದರ ಖರ್ಚು ಕೇಳಿ, ಮತ್ತೊಮ್ಮೆ ಮೇಜಿನ ಮೇಲೆ ಮಲಗುವ ಮನಸ್ಸೂ ಇಲ್ಲದೆ, ಬೇಡವೆಂದೆನು. ಹೀಗಾಗಿ ಹಗಲಿರುಳು ಡೈಪರನ್ನು ಧರಿಸಿಯೇ ಇರುವದು ನನ್ನ ಪಾಲಿಗೆ ಬಂದಿತು.

ಧರಿಸುವದು ಮೊದಮೊದಲು ಅಷ್ಟು ಕಠಿಣವೆನಿಸಲಿಲ್ಲ. ಧೋತರದೊಳಗೆ ಏನಿದೆಯೆಂದು ಯಾರು ನೋಡುತ್ತಾರೆ? ಕಠಿಣವಾದದ್ದು ಬದಲಿಸುವದು. ಅದಕ್ಕೆ ಮರೆ ಬೇಕು, ನೀರು ಬೇಕು, ಬಿಚ್ಚಿದ್ದನ್ನು ಇಡಲು ತಾವು ಬೇಕು. ಎಲ್ಲಕ್ಕೂ ಮಿಗಿಲಾಗಿ, ‘ಒಂದು ನಿಮಿಷ ಬರುತ್ತೇನೆ’ ಎಂದು ಕೈಯಲ್ಲಿ ಚೀಲ ಹಿಡಿದು ನಾಲ್ಕು ಜನರ ನಡುವಿನಿಂದ ಏಳುವ ಎದೆಗಾರಿಕೆ ಬೇಕು. ಅದು ನನ್ನಲ್ಲಿರಲಿಲ್ಲ. 2022ರ ಬೇಸಿಗೆಯಲ್ಲಿ ಬಾದಾಮಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆ. ನಸುಕಿನ ಐದೂವರೆಗೆ ಕಟ್ಟಿಕೊಂಡ ಡೈಪರಿನಲ್ಲಿಯೇ ಹುನಗುಂದ, ಅಮೀನಗಡ ದಾಟಿ ಬಾದಾಮಿಗೆ ಹೋಗಿ, ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲಿ ಊಟ ಮಾಡಿ, ಬನಶಂಕರಿಯ ದರ್ಶನ ಮಾಡಿಕೊಂಡು, ರಾತ್ರಿ ಒಂಬತ್ತಕ್ಕೆ ಇಳಕಲ್ಲಿಗೆ ಮರಳಿದೆನು. ಹದಿನೈದು ತಾಸು! ಸೋರಬಾರದೆಂದು ನೀರನ್ನೂ ಕುಡಿದಿರಲಿಲ್ಲ. ಬಾದಾಮಿಯ ಆ ಕೆಂಗಲ್ಲಿನ ಬಂಡೆಗಳು ಮಧ್ಯಾಹ್ನ ಕಾದು ಸಂಜೆ ಕಾವನ್ನು ಹೇಗೆ ಉಗುಳುತ್ತವೆಂಬದನ್ನು ಅಲ್ಲಿಯವರು ಬಲ್ಲರು. ಅಂದು ನನ್ನ ಕಟಿಭಾಗದ ಸ್ಥಿತಿಯೂ ಹಾಗೆಯೇ ಇದ್ದಿತು.

ಮರುದಿನ ತೊಡೆಯ ಸಂದುಗಳಲ್ಲಿ ಕೆಂಪು, ಉರಿ. ಮೂರನೆಯ ದಿನ ತೊಗಲು ಹೊಳೆಯಹತ್ತಿತು. ನಾಲ್ಕನೆಯ ದಿನ ಕಿತ್ತಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕುರ್ಚಿಯ ಅಂಚಿಗೆ ಓರೆಯಾಗಿ ಕೂಡುತ್ತಿದ್ದುದನ್ನು ಕಂಡು ಹೆಂಡತಿಯು, “ಹಿಂಗ್ಯಾಕ ಕುಂಡ್ರತೀರಿ? ಏನಾಗೈತಿ ಹೇಳಬಾರದ?” ಎಂದು ಕೇಳಿದರೆ, ಸೊಂಟ ಹಿಡಿದಿದೆಯೆಂದು ಸುಳ್ಳು ಹೇಳಿದೆನು. ಅವಳು ಪಾಪ, ಸೊಂಟಕ್ಕೆಂದು ಎಣ್ಣೆ ಕಾಸಿಕೊಟ್ಟಳು.

ಇನ್ನು ನನ್ನ ಸ್ವಯಂಚಿಕಿತ್ಸೆಯ ಪುರಾಣ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಬೆಳೆದವನಿಗೆ ಶೌಚದ ವಿಷಯದಲ್ಲಿ ಒಂದೇ ಸೂತ್ರ ಗೊತ್ತು: ಮಲಿನವಾದದ್ದನ್ನು ತೊಳೆ, ಇನ್ನೂ ತೊಳೆ, ಮತ್ತೆ ತೊಳೆ. ನಾನು ದಿನಕ್ಕೆ ಎಂಟು ಸಲ ಸಾಬೂನು ಹಚ್ಚಿ ತೊಳೆದೆನು. ನೆಲ ಒರೆಸುವ ಕ್ರಿಮಿನಾಶಕದ ನಾಲ್ಕು ಹನಿಯನ್ನು ಬಕೀಟಿಗೆ ಹಾಕಿಕೊಂಡೆನು. ಒರಟು ಪಂಚೆಯಿಂದ ಗಸಗಸ ಒರೆಸಿಕೊಂಡೆನು. ಮೇಲೆ ಸುವಾಸನೆಯ ಪೌಡರನ್ನು ಧಾರಾಳವಾಗಿ ಉದುರಿಸಿದೆನು. ಅದು ಹಸಿಯಲ್ಲಿ ಕಲೆತು ಮಡಿಕೆಗಳಲ್ಲಿ ಹಿಟ್ಟಿನಂತೆ ಗಟ್ಟಿಯಾಗಿ ಉಸುಕಿನ ಹಾಗೆ ತಿಕ್ಕಹತ್ತಿತು. ಇಷ್ಟೂ ಸಾಲದೆಂದು ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರವನ್ನು ಕರಗಿಸಿ ಕಿತ್ತ ತೊಗಲಿಗೆ ಹಚ್ಚಿದೆನು. ಆ ರಾತ್ರಿಯ ವರ್ಣನೆಯನ್ನು ಬಿಡುವದು ಲೇಸು.

ಹತ್ತು ದಿನಗಳಾದ ಮೇಲೆ ಜ್ವರ ಬಂದಿತು. ಆಗ ಹೆಂಡತಿಗೆ ನಿಜವನ್ನು ಹೇಳಲೇಬೇಕಾಯಿತು. ಅವಳು ಸಿಟ್ಟಿನಿಂದ ಒಂದು ಮಾತನ್ನೂ ಆಡಲಿಲ್ಲ. ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿ ಬಾಗಲಕೋಟೆಯ ನವನಗರದ ಒಂದು ದವಾಖಾನೆಗೆ ನನ್ನನ್ನು ಕರೆದೊಯ್ದಳು. ಗಾಯಗಳನ್ನು ನೋಡುವ ಕೋಣೆಯಲ್ಲಿ ಪರದೆಯನ್ನು ಸರಿಸಿ ಬಂದ ದಾದಿಯು ನನ್ನ ಮುಖವನ್ನು ನೋಡಿದವಳೇ ಕೈಮುಗಿದು, “ನಮಸ್ಕಾರ್ರೀ ಸರ. ನನ್ನ ಗುರುತು ಸಿಗಲಿಲ್ಲೇನ್ರಿ? ಒಂಬತ್ತನೇತ್ತಾದಾಗ ನಿಮ್ಮ ಕೈಯಾಗ ಸಂಸ್ಕೃತ ಕಲತೇನ್ರಿ,” ಎಂದಳು. ಧರಣಿಯು ಬಾಯ್ದೆರೆದು ನನ್ನನ್ನು ನುಂಗಬಾರದೇ ಎನಿಸಿತು. ವಿಭಕ್ತಿ ತಪ್ಪಿದಾಗ ನಾನು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗಿಯ ಮುಂದೆ ಈಗ ನಾನು ಧೋತರ ಬಿಚ್ಚಬೇಕು! ಬೇರೆ ಯಾರಾದರೂ ಇದ್ದರೆ ಕಳಿಸೆಂದು ಕೇಳಿಕೊಂಡೆನು. ಅವಳು ಕೈಗವಸು ಹಾಕಿಕೊಳ್ಳುತ್ತ, “ಸರ, ನಾಚಬ್ಯಾಡ್ರಿ. ನಾ ತಪ್ಪು ಬರದ ಪಾಟಿ ನಿಮಗ ತೋರಿಸಿದ್ದಿಲ್ಲೇನ್ರಿ? ಹಂಗ ಇದು,” ಎಂದಳು. ಆ ಮಾತಿಗೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ತೋರಿಸಿದೆನು.

ಅಂದಿನಿಂದ ಎರಡು ವಾರ ಆ ಹುಡುಗಿ—ಈಗ ಎರಡು ಮಕ್ಕಳ ತಾಯಿ—ನನಗೆ ಮಾಡಿದ ಪಾಠವನ್ನೇ ಮುಂದೆ ನನ್ನ ಮಾತಿನಲ್ಲಿ ಹೇಳಹೊರಟಿದ್ದೇನೆ. ತಪ್ಪಿದ್ದರೆ ನನ್ನದು.

ಸುಶ್ರುತನು ತ್ವಚೆಗೆ ಏಳು ಪದರಗಳನ್ನು ಹೇಳಿ, ಎಲ್ಲಕ್ಕೂ ಮೇಲಿನದಕ್ಕೆ ಅವಭಾಸಿನಿಯೆಂದು ಹೆಸರಿಟ್ಟಿದ್ದಾನೆ. ಬಣ್ಣಗಳನ್ನು ಬೆಳಗಿಸುವಂಥದು ಅದು. ಇಂದಿನ ವೈದ್ಯರ ಎಣಿಕೆಯು ಬೇರೆಯಾದರೂ, ಅತ್ಯಂತ ಮೇಲಿನ ಪದರವು ಕೂದಲಿನ ಎಳೆಗಿಂತಲೂ ತೆಳ್ಳಗಿದ್ದು ಅದೇ ದೇಹದ ಕೋಟೆಗೋಡೆಯಾಗಿದೆಯೆಂದು ಅವರೂ ಹೇಳುತ್ತಾರೆ. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆಗಳು. ಅವುಗಳ ನಡುವಿನ ಜಿಡ್ಡು ಗಾರೆ. ಪಟ್ಟದಕಲ್ಲಿನ ಗುಡಿಗಳನ್ನು ಕಟ್ಟಿದ ಚಾಲುಕ್ಯರ ಶಿಲ್ಪಿಗಳಿಗೆ ಗಾರೆ ಬೇಕಾಗಲಿಲ್ಲ. ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ನಿಂತಿತು. ತೊಗಲಿಗೆ ಆ ಸಾಮರ್ಥ್ಯವಿಲ್ಲ. ಸಾಬೂನಿನಿಂದ ಮೇಲಿಂದ ಮೇಲೆ ಜಿಡ್ಡನ್ನು ತೆಗೆದರೆ ಗೋಡೆ ಬಿರುಕು ಬಿಡುತ್ತದೆ. ಇಷ್ಟೇ ಅಲ್ಲ; ಆರೋಗ್ಯವಂತ ತೊಗಲಿನ ಮೇಲ್ಮೈ ಸ್ವಲ್ಪ ಆಮ್ಲ ಗುಣದ್ದಾಗಿರುತ್ತದೆ. ವಿಜ್ಞಾನಿಗಳ ಅಳತೆಯಲ್ಲಿ 7 ಎಂಬದು ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನೀರಿನ ಸ್ಥಾನವಾದರೆ, ತೊಗಲು ಸುಮಾರು 5ರ ಹತ್ತಿರ ಇರುವದು. ಈ ಹುಳಿಯೇ ಅನೇಕ ಕ್ರಿಮಿಗಳನ್ನು ದೂರವಿಡುವ ರಕ್ಷೆ. ಮೈಸಾಬೂನು ಸಾಮಾನ್ಯವಾಗಿ 9-10ರಷ್ಟು ಕ್ಷಾರದ್ದು. ನಾನು ಕೊಳೆಯನ್ನು ತೊಳೆಯುತ್ತಿದ್ದೇನೆಂದು ತಿಳಿದು ರಕ್ಷೆಯನ್ನೇ ತೊಳೆದು ಹಾಕುತ್ತಿದ್ದೆನು.

ಮೂತ್ರದ ವಿಷಯದಲ್ಲಿಯೂ ನನ್ನ ತಿಳುವಳಿಕೆ ತಪ್ಪಾಗಿತ್ತು. ಅದು ದೇಹದಿಂದ ಹೊರಬಿದ್ದ ಕ್ಷಣಕ್ಕೇ ತೊಗಲನ್ನು ಸುಡುವದಿಲ್ಲ. ಹೊತ್ತು ಕಳೆದಂತೆ ಅದರಲ್ಲಿಯ ಯೂರಿಯಾ ಎಂಬ ವಸ್ತುವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಮಾಡುತ್ತವೆ. ಸಂತೆಯ ದಿನ ದನದ ಕೊಟ್ಟಿಗೆಯಲ್ಲಿ ಮೂಗಿಗೆ ಚುಚ್ಚುವ ವಾಸನೆ ಅದೇ. ಆ ಕ್ಷಾರವು ಹುಳಿಯನ್ನು ಮುರಿಯುತ್ತದೆ. ಅದರೊಡನೆ ಮಲವೂ ಸೇರಿದರೆ, ಆಹಾರವನ್ನು ಜೀರ್ಣಿಸಲೆಂದು ಕರುಳಿನಲ್ಲಿ ಹುಟ್ಟಿದ ಪಾಚಕ ರಸಗಳು ಕ್ಷಾರದಲ್ಲಿ ಚುರುಕಾಗಿ ತೊಗಲನ್ನೇ ಜೀರ್ಣಿಸಹತ್ತುತ್ತವೆ. ಆದ್ದರಿಂದ ಮೂತ್ರಕ್ಕಾದರೆ ಸ್ವಲ್ಪ ಹೊತ್ತಿನ ಸಹನೆಯುಂಟು, ಮಲಕ್ಕೆ ಒಂದು ಗಳಿಗೆಯೂ ಇಲ್ಲ. ಇನ್ನು ಬರಿಯ ಹಸಿಯ ಕೆಲಸ. ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ನದಿಯ ಕಡೆಯ ಮಣ್ಣಿನ ಗೋಡೆಗಳನ್ನು ನಾವು ನೋಡಿದವರು. ನೀರು ಅವನ್ನು ಕೆಡವಲಿಲ್ಲ; ಮೊದಲು ನೆನೆಸಿತು. ನೆನೆದ ಗೋಡೆಗೆ ಒಂದು ಎಮ್ಮೆ ಮೈ ತಿಕ್ಕಿದರೂ ಸಾಕಾಗುತ್ತಿತ್ತು. ನೆನೆದ ತೊಗಲಿಗೆ ಒರಟು ಪಂಚೆಯೇ ಎಮ್ಮೆ.

ಈಗ ನನ್ನ ದಿನಚರಿ. ಇದನ್ನು ವಿಧಿಯೆಂದು ತಿಳಿಯಬಾರದು. ಒಬ್ಬನ ಅನುಭವವೆಂದು ತಿಳಿದರೆ ಸಾಕು.

ಹಗಲಿನಲ್ಲಿ ಮೂರು ನಾಲ್ಕು ತಾಸಿಗೊಮ್ಮೆ ಬದಲಿಸುತ್ತೇನೆ. ತುಂಬಿದ ಮೇಲೆ ಬದಲಿಸುವದಲ್ಲ, ತಾಸು ನೋಡಿ ಬದಲಿಸುವದು. ಶಾಲೆಯ ಗಂಟೆಯ ಅಭ್ಯಾಸವು ಇಲ್ಲಿ ಉಪಯೋಗಕ್ಕೆ ಬಂದಿತು. ಈಗಿನ ಡೈಪರಿನ ಒಡಲಲ್ಲಿ ಒಂದು ಬಿಳಿಯ ಪುಡಿಯಿರುತ್ತದೆ. ಅದು ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಹೀರಿ ಸಾಬೂದಾಣಿಯ ಗಂಜಿಯಂತೆ ಹಿಡಿದಿಡುವದು; ಮೇಲಿನ ಹಾಸು ಬೇಗ ಒಣಗುವದು. 1980ರ ದಶಕದಿಂದೀಚೆಗೆ ಬಳಕೆಗೆ ಬಂದ ಈ ಪುಡಿಯು ಮುಪ್ಪಿನವರ ತೊಗಲಿಗೆ ಮಾಡಿದ ಉಪಕಾರವು ದೊಡ್ಡದು. ಆದರೆ ಇದೇ ನಮ್ಮನ್ನು ಮೋಸಗೊಳಿಸುವದೂ ಉಂಟು: ಮೇಲೆ ಒಣಗಿದೆಯಲ್ಲ, ಇನ್ನೊಂದಿಷ್ಟು ಹೊತ್ತು ಇರಲಿ ಎನಿಸುತ್ತದೆ. ಒಳಗೆ ಬೆವರು ಕುದಿಯುತ್ತಿರುವದು ತಿಳಿಯುವದಿಲ್ಲ. ಒಂದರ ಮೇಲೊಂದು ಎರಡನ್ನು ಕಟ್ಟಿಕೊಂಡರೆ ಎರಡು ಪಟ್ಟು ನಿಶ್ಚಿಂತೆಯೆಂದು ನಾನು ಒಮ್ಮೆ ಜಾಣತನ ಮಾಡಿದ್ದೆನು. ಒಳಗಿನದರ ಹೊರಮೈ ಪ್ಲಾಸ್ಟಿಕಿನದಾದ್ದರಿಂದ ಹೊರಗಿನದಕ್ಕೆ ಒಂದು ಹನಿಯೂ ದಾಟದೆ, ಸೆಕೆಯು ಮಾತ್ರ ಇಮ್ಮಡಿಯಾಯಿತು. ಅಳತೆಯೂ ಸರಿಯಿರಬೇಕು. ದೊಡ್ಡದಾದರೆ ಸೋರುವದು, ಚಿಕ್ಕದಾದರೆ ತೊಡೆಯ ಸಂದಿಯಲ್ಲಿ ದಾರದಂತೆ ಕೊರೆಯುವದು. ರಾತ್ರಿಗೆಂದು ಹೆಚ್ಚು ಹೀರುವ ಬೇರೆ ಬಗೆಯದನ್ನು ಇಟ್ಟುಕೊಂಡಿದ್ದೇನೆ.

ತೊಳೆಯಲು ಉಗುರುಬೆಚ್ಚಗಿನ ನೀರು. ಪ್ರತಿ ಸಲಕ್ಕೂ ಸಾಬೂನು ಇಲ್ಲ. ದಿನಕ್ಕೊಮ್ಮೆ ಸ್ನಾನದಲ್ಲಿ ಡಾಕ್ಟರರು ಹೇಳಿದ ಸೌಮ್ಯ ದ್ರವವನ್ನು ತುಸು ಹಚ್ಚುವದು. ಒರೆಸುವದಕ್ಕೆ ಹೆಂಡತಿಯು ತನ್ನ ಹಳೆಯ ಇಳಕಲ್ ಸೀರೆಯೊಂದರ ಒಡಲನ್ನು ಹರಿದು ಚೌಕದ ತುಂಡುಗಳನ್ನು ಮಾಡಿಕೊಟ್ಟಳು. ಮೂವತ್ತು ವರ್ಷ ತೊಳೆದು ತೊಳೆದು ಹೂವಿನೆಸಳಿನಂತಾದ ಹತ್ತಿಯ ನೂಲು! ರೇಶಿಮೆಯ ತೋಪತೆನಿ ಸೆರಗನ್ನು ಮಾತ್ರ ಕತ್ತರಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಆ ಸೆರಗನ್ನು ಒಡಲಿಗೆ ಜೋಡಿಸುವಾಗ ನಮ್ಮೂರ ನೇಕಾರರು ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಇಲ್ಲಿ ಅವಳೇ ಕೊಂಡಿಯನ್ನು ಬಿಡಿಸಬೇಕಾಯಿತು. ಆ ತುಂಡುಗಳಿಂದ ಒತ್ತಿ ಒತ್ತಿ ನೀರನ್ನು ತೆಗೆಯಬೇಕು, ತಿಕ್ಕಬಾರದು. ಅನಂತರ ಎರಡು ನಿಮಿಷ ಗಾಳಿಗೆ ಬಿಡಬೇಕು. ಆ ಎರಡು ನಿಮಿಷಗಳ ಆತುರದಿಂದಲೇ ನಾನು ಮೊದಲು ಕೆಟ್ಟಿದ್ದೆನು.

ಒಣಗಿದ ಮೇಲೆ ಲೇಪ. ಜಿಂಕ್ ಆಕ್ಸೈಡ್ ಇರುವ ಬಿಳಿಯ ಮುಲಾಮನ್ನು, ಅದು ಇಲ್ಲದಾಗ ಸಾದಾ ವ್ಯಾಸಲೀನನ್ನು, ತೆಳ್ಳಗೆ ಹಚ್ಚಿಕೊಳ್ಳುವದು. ಗೋಡೆಗೆ ಸುಣ್ಣ ಬಳಿದಂತೆ ದಪ್ಪವಾಗಿ ಬಳಿದರೆ ಅದು ಡೈಪರಿಗೆ ಅಂಟಿ ಅದರ ಹೀರುವ ರಂಧ್ರಗಳನ್ನು ಮುಚ್ಚುವದೆಂದು ದಾದಿಯು ಎಚ್ಚರಿಸಿದಳು. ಇನ್ನೊಂದು ಸೂಕ್ಷ್ಮವನ್ನೂ ಹೇಳಿದಳು: ಮರುಸಲ ತೊಳೆಯುವಾಗ ಹಿಂದಿನ ಲೇಪವನ್ನೆಲ್ಲ ಕೆರೆದು ತೆಗೆಯಬೇಕಾಗಿಲ್ಲ, ಮೇಲಿನ ಮಲಿನವನ್ನಷ್ಟೇ ತೆಗೆದು, ಉಳಿದದ್ದರ ಮೇಲೆ ಹೊಸದನ್ನು ಸವರಿದರೆ ಸಾಕು. ಪಾಠಶಾಲೆಯ ನನ್ನ ಮನಸ್ಸು ಇದಕ್ಕೆ ಒಪ್ಪಲು ಒಂದು ತಿಂಗಳು ಬೇಕಾಯಿತು.

ಮಧ್ಯಾಹ್ನ ಊಟವಾದ ಮೇಲೆ ಅರ್ಧ ತಾಸು ಕೋಣೆಯ ಬಾಗಿಲಿಗೆ ಅಗಳಿ ಹಾಕಿ, ಹೀರುವ ಹಾಸನ್ನು ಚಾಪೆಯ ಮೇಲೆ ಹಾಕಿಕೊಂಡು, ಏನನ್ನೂ ಕಟ್ಟಿಕೊಳ್ಳದೆ ಪಕ್ಕಕ್ಕೆ ಹೊರಳಿ ಮಲಗುತ್ತೇನೆ. ತೊಗಲಿಗೆ ಆಗ ಉಸಿರು ಬಂದಂತಾಗುವದು. ಈ ಹೊತ್ತಿನಲ್ಲಿ ಯಾರಾದರೂ ಬಂದರೆ, “ಮಾಸ್ತರರು ಜಪದಾಗ ಅದಾರ,” ಎಂದು ಹೆಂಡತಿಯು ಹೇಳಿ ಕಳಿಸುತ್ತಾಳೆ. ನನ್ನ ಧಾರ್ಮಿಕತೆಯ ಕೀರ್ತಿಯು ಓಣಿಯಲ್ಲಿ ಹಬ್ಬಿದ್ದು ಹೀಗೆ.

ನೀರಿನ ವಿಷಯ. ಕಡಿಮೆ ಕುಡಿದರೆ ಕಡಿಮೆ ಸೋರುವದೆಂಬ ಲೆಕ್ಕವನ್ನು ಎಲ್ಲರೂ ಮಾಡುತ್ತಾರೆ. ಆದರೆ ಮೂತ್ರವು ಹಳದಿಗಟ್ಟಿ ಖಾರವಾಗುವದು, ಮೂತ್ರಾಶಯವು ಕೆರಳುವದು, ಮಲವು ಗಟ್ಟಿಯಾಗುವದು. ಒಟ್ಟಿನಲ್ಲಿ ಸೋರುವಿಕೆ ಹೆಚ್ಚುವದೇ ಹೊರತು ಕಡಿಮೆಯಾಗದು. ನಮ್ಮ ಸೀಮೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಪಾರೆಯು 40 ಅಂಶವನ್ನು ದಾಟಿದಾಗ ನೀರು ಬಿಡುವದೆಂದರೆ ಬೇರೆ ಅಪಾಯವೇ ಉಂಟು. ನಾನು ಹಗಲಿನಲ್ಲಿ ಸಾಕಷ್ಟು ಕುಡಿದು, ಸಂಜೆಯ ಚಹವನ್ನು ಬಿಟ್ಟು, ಮಲಗುವ ಎರಡು ತಾಸಿನ ಮುಂಚೆ ನೀರನ್ನು ಮಿತಗೊಳಿಸಿದ್ದೇನೆ. ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ವೇಗಗಳನ್ನು ತಡೆಯಬಾರದೆಂದು ವಾಗ್ಭಟನು ಹೇಳಿದ ಅಧ್ಯಾಯವನ್ನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆನು. ತಡೆಯಬೇಕೆಂದರೂ ತಡೆಯಲಾರದವನ ಗತಿಯೇನೆಂದು ಆಗ ಗುರುಗಳನ್ನು ಕೇಳುವ ಬುದ್ಧಿ ಬಂದಿರಲಿಲ್ಲ.

ಇಷ್ಟೆಲ್ಲ ಮಾಡಿಯೂ 2023ರ ಮಳೆಗಾಲದಲ್ಲಿ ಮತ್ತೊಮ್ಮೆ ಕೆಂಪಾಯಿತು. ಈ ಸಲದ ಕೆಂಪು ಬೇರೆ ಬಗೆಯದು: ಮಡಿಕೆಯೊಳಗೆ ದಟ್ಟವಾಗಿ, ಅಂಚಿನಾಚೆಗೆ ಸಣ್ಣ ಸಣ್ಣ ಗುಳ್ಳೆಗಳು ಚದರಿ, ಉರಿಗಿಂತ ತುರಿಕೆ ಹೆಚ್ಚು. ಅಂಗಡಿಯೊಂದರಲ್ಲಿ ಕೇಳಿ ಮುಲಾಮಿನ ಕೊಳವೆಯನ್ನು ತಂದು ಹಚ್ಚಿದೆನು. ಎರಡೇ ದಿನಗಳಲ್ಲಿ ಮಾಯವಾಯಿತು! ಬಿಟ್ಟೊಡನೆ ಮೊದಲಿಗಿಂತ ಅಗಲವಾಗಿ ಬಂದಿತು. ಮತ್ತೆ ನವನಗರಕ್ಕೆ ಹೋದಾಗ ಕೊಳವೆಯ ಮೇಲಿನ ಸಣ್ಣ ಅಕ್ಷರಗಳನ್ನು ದಾದಿಯು ಓದಿ ತೋರಿಸಿದಳು: ಶಿಲೀಂಧ್ರದ ಔಷಧದೊಡನೆ ತೀಕ್ಷ್ಣವಾದ ಸ್ಟೆರಾಯ್ಡೂ ಅದರಲ್ಲಿ ಬೆರೆತಿತ್ತು. ಸ್ಟೆರಾಯ್ಡು ಕೆಂಪನ್ನು ಅಡಗಿಸುತ್ತದೆ, ರೋಗವನ್ನಲ್ಲ. ಬಹುದಿನ ಹಚ್ಚಿದರೆ ತೊಗಲು ಈರುಳ್ಳಿಯ ಸಿಪ್ಪೆಯಂತೆ ತೆಳ್ಳಗಾಗುವದು. ಇಂಥ ಮಿಶ್ರ ಮುಲಾಮುಗಳು ನಮ್ಮ ದೇಶದಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವದರಿಂದ ಎಷ್ಟೋ ಜನರ ಗಜಕರ್ಣವು ವಾಸಿಯಾಗದೆ ಹೋಗಿದೆಯೆಂದು ಚರ್ಮವೈದ್ಯರು ವರ್ಷಗಳಿಂದ ಕೂಗುತ್ತಿದ್ದಾರೆ. ನನಗೆ ಸಕ್ಕರೆಯ ರೋಗವೂ ಇರುವದರಿಂದ ಶಿಲೀಂಧ್ರಕ್ಕೆ ನಾನು ಅನುಕೂಲವಾದ ಹೊಲ. ಶುದ್ಧ ಶಿಲೀಂಧ್ರನಾಶಕವನ್ನು ಡಾಕ್ಟರರು ಹೇಳಿದಷ್ಟು ವಾರ, ಕೆಂಪು ಹೋದ ಮೇಲೆಯೂ, ಹಚ್ಚಿದ ಬಳಿಕ ಗುಣವಾಯಿತು. ಸಕ್ಕರೆಯನ್ನು ಹದ್ದಿನಲ್ಲಿಡುವದೂ ತೊಗಲಿನ ಆರೈಕೆಯೇ ಎಂಬದು ಆಗ ತಿಳಿಯಿತು.

ಖರ್ಚಿನ ಮಾತನ್ನು ಆಡದಿದ್ದರೆ ಅಪ್ರಾಮಾಣಿಕತೆಯಾದೀತು. ನನಗೆ ನಿವೃತ್ತಿ ವೇತನವಿದೆ. ನಮ್ಮ ಓಣಿಯಲ್ಲಿ ಕುಣಿಮಗ್ಗದಲ್ಲಿ ಕಾಲಿಳಿಸಿ ದಿನವಿಡೀ ದುಡಿಯುವವನ ಮುದಿತಾಯಿಗೆ ದಿನಕ್ಕೆ ನಾಲ್ಕೈದು ಡೈಪರು ಎಲ್ಲಿಂದ ಬಂದಾವು? ಅವರಿಗೆ ಹತ್ತಿಯ ಹಳೆಯ ಬಟ್ಟೆಯೇ ಗತಿ. ಅದು ಕೀಳೆಂದು ನಾನು ಹೇಳಲಾರೆ. ಬಟ್ಟೆಯು ಹಸಿಯನ್ನು ತೊಗಲಿಗೇ ಅಂಟಿಸಿ ಹಿಡಿಯುವದರಿಂದ ಒದ್ದೆಯಾದೊಡನೆ ಬದಲಿಸಬೇಕು, ಸಾಬೂನಿನ ಅಂಶ ಉಳಿಯದಂತೆ ಹಿಂಡಿ ಹಿಂಡಿ ಜಾಲಿಸಬೇಕು, ಬಿಸಿಲಿನಲ್ಲಿ ಒಣಗಿಸಬೇಕು. ಇಲ್ಲಿಯೂ ಸಂಕೋಚವೇ ಅಡ್ಡಬರುವದು: ಆ ಬಟ್ಟೆಗಳನ್ನು ಯಾರ ಕಣ್ಣಿಗೂ ಬೀಳದಂತೆ ಹಿತ್ತಲಿನ ಕತ್ತಲೆಯಲ್ಲಿ ಒಣಹಾಕುತ್ತಾರೆ, ಅವು ಒಣಗುವದೂ ಇಲ್ಲ. ಬಳಸಿದ ಡೈಪರುಗಳನ್ನಾದರೋ ಸುತ್ತಿ ಬೇರೆಯಾಗಿ ಕೊಡಬೇಕೆಂದು 2016ರ ಘನತ್ಯಾಜ್ಯದ ನಿಯಮಗಳಲ್ಲಿಯೇ ಹೇಳಿದ್ದಿತು. ನಾನು ಹಳೆಯ ದಿನಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ ನಗರಸಭೆಯ ಗಾಡಿಗೆ ಕೊಡುತ್ತೇನೆ. ದಿನಪತ್ರಿಕೆಯಲ್ಲಿ ಎಂದೆನು, ನಮ್ಮ ಈ ಮಾಸಪತ್ರಿಕೆಯ ಸಂಚಿಕೆಗಳೆಲ್ಲ ಕಪಾಟಿನಲ್ಲಿ ಸುರಕ್ಷಿತವಾಗಿವೆಯೆಂದು ಸಂಪಾದಕರಿಗೆ ಅಭಯವನ್ನೀಯುತ್ತೇನೆ.

ಪೂಜೆಗೆ ಕೂಡಬಹುದೇ ಎಂಬ ಶಂಕೆಯು ನನ್ನನ್ನು ಬಹುಕಾಲ ಕಾಡಿತು. ಆರು ತಿಂಗಳು ದೇವರ ಕೋಣೆಯ ಹೊಸ್ತಿಲಾಚೆಗೇ ಕುಳಿತೆನು. ಕಡೆಗೆ ಪಾಠಶಾಲೆಯ ಸಹಪಾಠಿಯೊಬ್ಬನಿಗೆ ಪತ್ರ ಬರೆದೆನು. ಅವನು ನನಗಿಂತ ಕಟ್ಟುನಿಟ್ಟಿನವನು. ಪತ್ರಕ್ಕೆ ಉತ್ತರ ಬರೆಯದೆ ಫೋನು ಮಾಡಿ, “ರೋಗಿಗೆ ಶಾಸ್ತ್ರವೇ ವಿನಾಯ್ತಿ ಕೊಟ್ಟೈತಿ, ನೀ ಯಾಂವ ಅದನ್ನ ಕಸಗೊಳ್ಳಾಂವ?” ಎಂದು ಬೈದನು. ಈಗ ಸ್ನಾನ ಮಾಡಿ, ಹೊಸದನ್ನು ಧರಿಸಿ, ಒಳಗೆ ಹೋಗಿ ಕೂಡುತ್ತೇನೆ.

ಇನ್ನು ಹುನಗುಂದಕ್ಕೆ ಬರೋಣ. ನಾನು ಹೋದಾಗ ಮಿತ್ರರು ಪಡಸಾಲೆಯ ಮೂಲೆಯಲ್ಲಿ ಒಂದು ಕುರ್ಚಿಯಲ್ಲಿ ಕುಳಿತಿದ್ದರು. ಊದುಬತ್ತಿಯ ಹೊಗೆ ಮನೆಯೆಲ್ಲ ತುಂಬಿತ್ತು. ಅದರ ಅರ್ಥವು ನನಗೆ ತಿಳಿಯಿತು. ಕುಶಲಪ್ರಶ್ನೆಗಳಾದವು. ಸಾಹಿತ್ಯದ ಮಾತಾಯಿತು. ಸೊಸೆಯು ಚಹ ತಂದಿಟ್ಟು ಒಳಗೆ ಹೋದಳು, ಅವರು ಮುಟ್ಟಲಿಲ್ಲ. ಆಗ ನಾನು ನನ್ನ ಚೀಲದ ಜಿಪ್ಪನ್ನು ಎಳೆದು ಒಳಗಿದ್ದ ಎರಡು ಡೈಪರು, ಸೀರೆಯ ತುಂಡು, ಮುಲಾಮಿನ ಡಬ್ಬಿ ಎಲ್ಲವನ್ನೂ ಸ್ಟೂಲಿನ ಮೇಲೆ ಇಟ್ಟು, “ಇವು ನನ್ನವು. ನಾಲ್ಕು ವರ್ಷ ಆತು,” ಎಂದೆನು. ಅವರು ಬಹಳ ಹೊತ್ತು ಅವನ್ನೇ ನೋಡಿದರು. ಆಮೇಲೆ, “ಮಾಸ್ತರ, ನೀವೂ?” ಎಂದರು. ಎಪ್ಪತ್ತನಾಲ್ಕು ವರ್ಷದ ಆ ಹಿರಿಯರ ಕಣ್ಣಲ್ಲಿ ನೀರು ಬಂದದ್ದನ್ನು ಬರೆಯುವದಕ್ಕೆ ಅವರಿಂದಲೇ ಅಪ್ಪಣೆಯನ್ನು ಪಡೆದಿದ್ದೇನೆ.

ಸೊಸೆಗೆ ಕೆಲಸ ಹೆಚ್ಚಾಗಬಾರದೆಂದು ದಿನಕ್ಕೆ ಒಂದೇ ಡೈಪರನ್ನು ಧರಿಸುತ್ತಿದ್ದರು. ಎದ್ದರೆ ಸೋರುವದೆಂದು ಮುಂಜಾನೆಯಿಂದ ಸಂಜೆಯ ತನಕ ಆ ಒಂದೇ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ನನಗೆ ಹೇಳಿದಷ್ಟನ್ನು ಮಗನಿಗೂ ಹೇಳಿರಲಿಲ್ಲ. ಬೆನ್ನಿನ ತಳದಲ್ಲಿ, ಎಲುಬು ತೊಗಲಿಗೆ ತಾಗುವ ತಾವಿನಲ್ಲಿ, ರೂಪಾಯಿಯಗಲದ ಕಪ್ಪುಗೆಂಪು ಕಲೆಯಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟರೆ ಸಾದಾ ಕೆಂಪು ಬೆಳ್ಳಗಾಗಿ ಮತ್ತೆ ಕೆಂಪಾಗುವದು; ಇದು ಬೆಳ್ಳಗಾಗಲಿಲ್ಲ. ಹಸಿಯೊಡನೆ ದೇಹದ ಭಾರವೂ ಸೇರಿ ಒಳಗಿನ ರಕ್ತಸಂಚಾರವೇ ಅಲ್ಲಿ ನಿಲ್ಲಹತ್ತಿದುದರ ಗುರುತು ಇದು. ಇದಕ್ಕೆ ನನ್ನ ಮುಲಾಮಿನ ವಿದ್ಯೆಯು ಸಾಲದು. ಅಂದೇ ಮಗನನ್ನು ಕರೆದು ಹೇಳಿದೆನು. ಮರುದಿನವೇ ಡಾಕ್ಟರರು ನೋಡಿದರು. ಕುಳಿತಾಗ ಕಾಲು ತಾಸಿಗೊಮ್ಮೆ ಮೈ ಸರಿಸಿ ಭಾರವನ್ನು ಬದಲಿಸುವದು, ಮಲಗಿದಾಗ ಎರಡು ತಾಸಿಗೊಮ್ಮೆ ಮಗ್ಗುಲಾಗುವದು, ಮೆತ್ತನೆಯ ವಿಶೇಷ ದಿಂಬು, ಊಟದಲ್ಲಿ ಬೇಳೆ ಹಾಲು ಮೊಟ್ಟೆ. ಮೊಟ್ಟೆಯನ್ನು ಅವರು ಒಪ್ಪಲಿಲ್ಲ, ಬೇಳೆಯನ್ನು ಹೆಚ್ಚಿಸಿದರು. ಕಲೆಯು ಬಾಯಿ ಬಿಡದೆ ಏಳು ವಾರಗಳಲ್ಲಿ ಮಾಸಿತು. ಇನ್ನೊಂದು ಹದಿನೈದು ದಿನ ತಡವಾಗಿದ್ದರೆ ಎಲುಬಿನವರೆಗೆ ಹೋಗಬಹುದಾಗಿತ್ತೆಂದು ಡಾಕ್ಟರರು ಮಗನಿಗೆ ಹೇಳಿದರಂತೆ.

ಸೊಸೆಯ ಬಗ್ಗೆ ಒಂದು ಮಾತು. ಮಾವನು ಯಾಕೆ ಹೀಗೆ ಮೂಲೆ ಹಿಡಿದಿದ್ದಾರೆಂಬದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. “ನಾ ಕೇಳಿದ್ರ ಅವರಿಗೆ ಅವಮಾನ ಆಕ್ಕೈತೇನೋ ಅಂತ ಸುಮ್ನಿದ್ದೆನ್ರಿ,” ಎಂದಳು. ಇಬ್ಬರೂ ಒಬ್ಬರ ಮರ್ಯಾದೆಯನ್ನು ಒಬ್ಬರು ಕಾಯುತ್ತಿದ್ದರು. ನಡುವೆ ತೊಗಲು ಕೊಳೆಯುತ್ತಿತ್ತು.

ಕಳೆದ ತಿಂಗಳಿನ ಕೂಟಕ್ಕೆ ಅವರು ಬಂದಿದ್ದುದನ್ನು ಅನೇಕ ವಾಚಕರು ಕಂಡಿದ್ದೀರಿ. ಬಾಗಿಲ ಹತ್ತಿರದ ಕುರ್ಚಿಯನ್ನು ಅವರಿಗಾಗಿ ನಾನೇ ಹಿಡಿದಿಟ್ಟಿದ್ದೆನು. ವ್ಯಾಖ್ಯಾನದ ನಡುವೆ ಅವರು ಚೀಲವನ್ನೆತ್ತಿಕೊಂಡು ಹೊರಗೆ ಹೋದಾಗ ಭಾಷಣಕಾರರು ತುಸು ಬೇಸರಪಟ್ಟಂತೆ ಕಂಡಿತು. ಅವರಿಗೆ ಈ ಲೇಖನದಿಂದ ಸಮಾಧಾನವಾದೀತೆಂದು ನಂಬಿದ್ದೇನೆ. ಮರಳುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಆಸನದಲ್ಲಿ ಕುಳಿತೆವು. ಅಮೀನಗಡದಲ್ಲಿ ಕರದಂಟನ್ನು ಕೊಂಡರು, ಸೊಸೆಗೆಂದು. ಹುನಗುಂದ ಸಮೀಪಿಸಿದಾಗ, ಕಪ್ಪೆ ಅರಭಟ್ಟನ ಬಂಡೆಯ ತನಕ ಏರಲು ಎಷ್ಟು ಹೊತ್ತು ಬೇಕಾಗುವದೆಂದು ಕೇಳಿದರು. ಏರುವದಕ್ಕೆ ಅಷ್ಟು ಹೊತ್ತು ಬೇಡ, ನಮ್ಮ ಕಾಲಿಗೆ ನಡುವೆ ಎರಡು ಸಲ ಕೂಡಬೇಕಾದೀತು ಎಂದೆನು. “ಹಂಗಾದ್ರ ಚೀಲದಾಗ ನಾಕು ಇಟಗೊಂಡು ಬರ್ರಿ, ಎರಡು ನನಗ,” ಎಂದು ಕೋಲನ್ನೂರಿ ಇಳಿದರು. ಬಿಸಿಲು ಇಳಿದ ಮೇಲೆ, ಕಾರ್ತಿಕದಲ್ಲಿ, ಹೋಗುವದೆಂದು ಗೊತ್ತುಮಾಡಿಕೊಂಡಿದ್ದೇವೆ. ಶಾಸನದ ಲೇಖನವು ಅದಾದ ಮೇಲೆ ಬರುವದು.